ಹೊರಗಿನ ಕುರ್ಚಿಯಲ್ಲಿ ಕಾಯುತ್ತಿರುವವರಿಗೆ ಆಪ್ತಸಮಾಲೋಚಕಿಯೊಬ್ಬರ ಬಹಿರಂಗ ಪತ್ರ

ಮಾನ್ಯರೇ,

ಗಂಡನನ್ನೋ ಹೆಂಡತಿಯನ್ನೋ ಮಗಳನ್ನೋ ಆಪ್ತಸಮಾಲೋಚನೆಗೆ ಕಳುಹಿಸಿ, ಒಳಗೆ ಏನು ಹೇಳಿದರು ಎಂದು ಥೆರಪಿಸ್ಟರನ್ನು ಕೇಳಿದ ಎಲ್ಲರಿಗೂ ಈ ಪತ್ರ. ಕೇಳಬೇಕೆಂದುಕೊಂಡು ಸುಮ್ಮನಾದವರಿಗೂ ಇದು ಸಲ್ಲುತ್ತದೆ. ಕೆಲವರು ನೇರವಾಗಿ ಕೇಳುತ್ತೀರಿ. ಕೆಲವರು ಸುತ್ತಿ ಬಳಸಿ, ‘ನನ್ನ ವಿಷಯವೇನಾದರೂ ಬಂತೇ’ ಎನ್ನುತ್ತೀರಿ. ಇನ್ನು ಕೆಲವರು ಕೇಳುವುದೇ ಇಲ್ಲ. ‘ಅವಳು ನಿಮಗೆ ಈ ಒಂದು ವಿಷಯ ಹೇಳಿರಲಾರಳು, ನಾನೇ ಹೇಳಿಬಿಡುತ್ತೇನೆ’ ಎಂದು ಆರಂಭಿಸಿ, ನಾನು ಹೂಂಗುಟ್ಟುವ ರೀತಿಯಿಂದಲೇ ಉತ್ತರವನ್ನು ಊಹಿಸಲು ನೋಡುತ್ತೀರಿ. ಎಲ್ಲರಿಗೂ ನನ್ನ ಉತ್ತರ ಒಂದೇ, ಅದು ಯಾರಿಗೂ ಹಿಡಿಸುವುದಿಲ್ಲ: ಹೇಳಲಾರೆ.

ಫೋನಿನಲ್ಲಿ ಅಷ್ಟೇ ಹೇಳಿ ನಿಲ್ಲಿಸಿದರೆ ಅದು ಸೊಕ್ಕಿನಂತೆ ಕೇಳಿಸುತ್ತದೆ. ಕಾರಣ ವಿವರಿಸುತ್ತಾ ಹೋದರೆ, ಒಳಗೆ ಏನೋ ಭಾರಿಯಾದದ್ದೇ ನಡೆದಿರಬೇಕು ಎಂದು ನಿಮಗೆ ಅನುಮಾನ ಹುಟ್ಟುತ್ತದೆ. ಅದಕ್ಕೇ ಯಾರೊಬ್ಬರನ್ನೂ ಉದ್ದೇಶಿಸದೆ ಎಲ್ಲರ ಎದುರಿಗೆ ಬರೆಯುತ್ತಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಈ ಪತ್ರದಲ್ಲಿ ನನ್ನ ಬಳಿ ಬಂದವರ ಕತೆ ಒಂದೂ ಇಲ್ಲ. ಹೆಸರು, ಉದ್ಯೋಗ ಬದಲಿಸಿ ಬರೆಯಬಹುದಿತ್ತಲ್ಲ ಎನ್ನುವಿರಿ. ಅದು ಏಕೆ ಸಾಲದು ಎಂಬುದನ್ನು ಮುಂದೆ ಹೇಳುತ್ತೇನೆ. ಉದಾಹರಣೆ ಬೇಕಾದಲ್ಲಿ ನ್ಯಾಯಾಲಯದ ಕಡತಕ್ಕೋ ಚರಿತ್ರೆಗೋ ಸೇರಿಹೋದ ಪ್ರಕರಣಗಳನ್ನೇ ಬಳಸಿದ್ದೇನೆ.

ನೀವು ಬರೀ ಕುತೂಹಲದಿಂದ ಕೇಳುತ್ತಿದ್ದೀರಿ ಎಂದು ನಾನು ಭಾವಿಸಿಲ್ಲ. ‘ಏನು ಹೇಳಿದರು’ ಎಂಬ ಒಂದೇ ಪ್ರಶ್ನೆಯ ಹೊಟ್ಟೆಯಲ್ಲಿ ಮೂರು ಪ್ರಶ್ನೆಗಳಿರುತ್ತವೆ. ಅವರ ಜೀವಕ್ಕೆ ಅಪಾಯವಿದೆಯೇ? ಇದರಿಂದ ಏನಾದರೂ ಪ್ರಯೋಜನವಾಗುತ್ತಿದೆಯೇ? ನನ್ನನ್ನು ಕೆಟ್ಟವಳನ್ನಾಗಿ, ಕೆಟ್ಟವನನ್ನಾಗಿ ಮಾಡಿದ್ದಾರೆಯೇ? ಮೊದಲನೆಯದಕ್ಕೆ ನನ್ನ ಬಳಿ ಉತ್ತರವಿದೆ. ಎರಡನೆಯದಕ್ಕೆ ಅರ್ಧ ಉತ್ತರವಿದೆ. ಮೂರನೆಯದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ರಾತ್ರಿ ನಿದ್ದೆಗೆಡಿಸುವುದು ಅದೇ.

ಅಪಾಯದಿಂದಲೇ ಆರಂಭಿಸುತ್ತೇನೆ. 1969ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ವಿಶ್ವವಿದ್ಯಾಲಯದ ಚಿಕಿತ್ಸಾಲಯಕ್ಕೆ ಬರುತ್ತಿದ್ದ ವಿದ್ಯಾರ್ಥಿಯೊಬ್ಬ ತನ್ನ ಪ್ರೀತಿಯನ್ನು ಒಪ್ಪದ ಯುವತಿಯನ್ನು ಕೊಲ್ಲುವ ಉದ್ದೇಶವನ್ನು ಮನಶ್ಶಾಸ್ತ್ರಜ್ಞರ ಮುಂದೆ ಹೇಳಿಕೊಂಡ. ಅವರು ವಿಶ್ವವಿದ್ಯಾಲಯದ ಪೊಲೀಸರಿಗೆ ತಿಳಿಸಿದರು. ಪೊಲೀಸರು ಅವನನ್ನು ಹಿಡಿದು ವಿಚಾರಿಸಿ, ಸರಿಯಾಗಿಯೇ ಇದ್ದಾನೆಂದು ಬಿಟ್ಟುಬಿಟ್ಟರು. ಆ ಯುವತಿಗಾಗಲಿ ಅವಳ ಮನೆಯವರಿಗಾಗಲಿ ಯಾರೂ ಒಂದು ಮಾತು ಹೇಳಲಿಲ್ಲ. ಅಕ್ಟೋಬರ್ ತಿಂಗಳಲ್ಲಿ ಟಟಿಯಾನಾ ಟರಾಸಾಫ್ ಅವನ ಕೈಯಲ್ಲಿ ಕೊಲೆಯಾದಳು. ತಂದೆತಾಯಿ ಹೂಡಿದ ಮೊಕದ್ದಮೆಯಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1974ರಲ್ಲಿ ಎಚ್ಚರಿಕೆ ಕೊಡುವ ಹೊಣೆಯನ್ನೂ, ಮರುವಿಚಾರಣೆಯ ನಂತರ 1976ರಲ್ಲಿ ಅದಕ್ಕಿಂತ ವಿಶಾಲವಾದ ರಕ್ಷಣೆಯ ಹೊಣೆಯನ್ನೂ ಥೆರಪಿಸ್ಟರ ಮೇಲೆ ಹೊರಿಸಿತು. ಇನ್ನೊಬ್ಬರ ಜೀವಕ್ಕೆ ಅಪಾಯ ಎದುರಾದಲ್ಲಿ ಗೌಪ್ಯತೆಯ ರಕ್ಷಣೆ ಮುಗಿಯುತ್ತದೆ ಎಂಬುದು ತೀರ್ಪಿನ ತಿರುಳು.

ನಂತರದ ದಶಕಗಳಲ್ಲಿ ಬೇರೆ ಬೇರೆ ಕಡೆಯ ಕಾನೂನುಗಳು ಈ ಗಡಿಯನ್ನು ತುಸು ಆಚೀಚೆ ಎಳೆದಿವೆ. ಆದರೂ ವಿನಾಯಿತಿಗಳು ಹೆಚ್ಚುಕಡಿಮೆ ಇವೇ: ತನ್ನ ಜೀವಕ್ಕೆ ಅಥವಾ ಇನ್ನೊಬ್ಬರ ಜೀವಕ್ಕೆ ಗಂಭೀರವಾದ, ಹತ್ತಿರದ ಅಪಾಯ, ಮಗುವಿನ ಮೇಲಿನ ದೌರ್ಜನ್ಯ, ನ್ಯಾಯಾಲಯದ ಆದೇಶ. ಬಂದವರೇ ಒಪ್ಪಿಗೆ ಕೊಟ್ಟರೆ ಆ ಮಾತು ಬೇರೆ. ಮೊದಲ ಭೇಟಿಯಲ್ಲಿ, ಮಾತು ಶುರುವಾಗುವ ಮುನ್ನವೇ ಇದನ್ನೆಲ್ಲ ಅವರಿಗೆ ತಿಳಿಸಿರುತ್ತೇವೆ. ಗಡಿ ದಾಟಬೇಕಾಗಿ ಬಂದಾಗಲೂ ಎಲ್ಲವನ್ನೂ ಎಲ್ಲರಿಗೂ ಹೇಳುವುದಿಲ್ಲ. ಅಪಾಯ ತಪ್ಪಿಸಲು ಎಷ್ಟು ಬೇಕೋ ಅಷ್ಟನ್ನು, ಯಾರಿಗೆ ಹೇಳಿದರೆ ತಪ್ಪುತ್ತದೋ ಅವರಿಗೆ, ಸಾಧ್ಯವಾದರೆ ಒಳಗೆ ಕುಳಿತವರಿಗೆ ಮೊದಲೇ ತಿಳಿಸಿ ಹೇಳುತ್ತೇವೆ. ಹಾಗಾಗಿ ಅಪಾಯದ ಹೊತ್ತಿನಲ್ಲಿ ನೀವು ನನಗೆ ಫೋನ್ ಮಾಡಬೇಕಾಗಿ ಬರುವುದಿಲ್ಲ, ನಾನೇ ಮಾಡುತ್ತೇನೆ.

ಆ ವಿನಾಯಿತಿಗಳಲ್ಲಿ ಏನೇನು ಇಲ್ಲ ಎಂಬುದನ್ನೂ ಗಮನಿಸಿ. ಮದುವೆಯಾಚೆಗಿನ ಸಂಬಂಧ ಇಲ್ಲ. ಮುಚ್ಚಿಟ್ಟ ಸಾಲ ಇಲ್ಲ. ವಿಚ್ಛೇದನದ ಯೋಚನೆ ಇಲ್ಲ. ಅತ್ತೆಯ ಮೇಲಿನ ಸಿಟ್ಟು, ದೇವರ ಮೇಲೆ ಹೋದ ನಂಬಿಕೆ, ಹೆತ್ತ ಮಗುವಿನ ಮೇಲೆ ಹುಟ್ಟದ ಪ್ರೀತಿ, ಯಾವುದೂ ಇಲ್ಲ. ‘ಬದುಕೇ ಬೇಡವೆನಿಸಿದೆ’ ಎಂಬ ಮಾತು ಕೂಡ ತಾನಾಗಿಯೇ ವಿನಾಯಿತಿಯೊಳಗೆ ಬರುವುದಿಲ್ಲ. ಅದು ಬಂದುಹೋಗುವ ಯೋಚನೆಯೋ, ಮನಸ್ಸಿನಲ್ಲಿ ಯೋಜನೆ ಇದೆಯೋ, ಸಾಧನ ಕೈಗೆ ಸಿಗುವಂತಿದೆಯೋ, ಹಿಂದೆ ಪ್ರಯತ್ನಿಸಿದ್ದಿದೆಯೋ ಎಂದು ನೇರವಾಗಿ ಕೇಳಿ ತಿಳಿಯುವುದು ನಮ್ಮ ಕೆಲಸ. ಆ ಮಾತು ಬಾಯಿಂದ ಬಿದ್ದ ಕೂಡಲೇ ಮನೆಗೆ ಸುದ್ದಿ ಮುಟ್ಟುತ್ತದೆ ಎಂದು ಗೊತ್ತಾದರೆ ಮುಂದಿನ ವಾರ ಅವರು ಆ ಮಾತನ್ನೇ ಆಡುವುದಿಲ್ಲ. ಅಪಾಯ ಹಾಗೆಯೇ ಉಳಿದಿರುತ್ತದೆ, ತಿಳಿದವರು ಮಾತ್ರ ಯಾರೂ ಇರುವುದಿಲ್ಲ.

ಇನ್ನು ಪ್ರಯೋಜನದ ಪ್ರಶ್ನೆ. ಇದರ ಹಿಂದೆ ಹಣದ ಪ್ರಶ್ನೆಯೂ ಇರುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ‘ಫೀಸು ಕೊಡುವವನು ನಾನು, ತಿಳಿದುಕೊಳ್ಳುವ ಹಕ್ಕು ನನಗಿಲ್ಲವೇ’ ಎನ್ನುತ್ತೀರಿ. ಇಲ್ಲ. ಈ ವೃತ್ತಿಯ ಆರಂಭದಲ್ಲೇ ಅದಕ್ಕೊಂದು ಪಾಠ ಸಿಕ್ಕಿದೆ. 1900ರ ಅಕ್ಟೋಬರ್‌ನಲ್ಲಿ ಶ್ರೀಮಂತ ತಂದೆಯೊಬ್ಬರು ಹದಿನೆಂಟರ ಹೊಸ್ತಿಲಲ್ಲಿದ್ದ ತಮ್ಮ ಮಗಳನ್ನು ಚಿಕಿತ್ಸೆಗೆಂದು ಮನೋವಿಶ್ಲೇಷಣೆಯನ್ನು ಆರಂಭಿಸಿದ ಸಿಗ್ಮಂಡ್ ಫ್ರಾಯ್ಡ್ ಅವರಲ್ಲಿಗೆ ಕರೆತಂದರು. ಕುಟುಂಬದ ಸ್ನೇಹಿತನೊಬ್ಬ ತನ್ನೊಡನೆ ಅನುಚಿತವಾಗಿ ವರ್ತಿಸಿದನೆಂಬುದು ಅವಳ ದೂರು. ಅದೇ ಸ್ನೇಹಿತನ ಹೆಂಡತಿಯೊಂದಿಗೆ ತಂದೆಗೆ ಸಂಬಂಧವಿದೆ ಎಂಬುದೂ ಅವಳಿಗೆ ತಿಳಿದಿತ್ತು. ಇದೆಲ್ಲ ಅವಳ ಕಲ್ಪನೆ, ಬುದ್ಧಿ ಹೇಳಿ ದಾರಿಗೆ ತನ್ನಿ ಎಂಬುದು ತಂದೆಯ ಅಪೇಕ್ಷೆ. ಫ್ರಾಯ್ಡ್ ತಂದೆಯ ಮಾತನ್ನು ಹಾಗೆಯೇ ನುಂಗಲಿಲ್ಲ ಎಂಬುದು ನಿಜ, ಆದರೆ ಅವಳ ಆಸೆಗಳೇನು ಎಂಬುದನ್ನು ತಾವೇ ನಿರ್ಧರಿಸಿ ಅವಳ ಮೇಲೆ ಹೇರಿದರು. ಹನ್ನೊಂದು ವಾರಗಳ ನಂತರ, ವರ್ಷದ ಕೊನೆಯ ದಿನ, ಅವಳು ಚಿಕಿತ್ಸೆ ನಿಲ್ಲಿಸಿ ಹೊರಟುಹೋದಳು. 1905ರಲ್ಲಿ ಫ್ರಾಯ್ಡ್ ಅವಳಿಗೆ ‘ಡೋರಾ’ ಎಂಬ ಹೆಸರು ಕೊಟ್ಟು ಇಡೀ ಪ್ರಕರಣವನ್ನು ಅಚ್ಚು ಹಾಕಿಸಿದರು. ಅವಳ ಕೈಗೆ ಸಿಕ್ಕರೆ ಅವಳಿಗೆ ನೋವಾಗುತ್ತದೆ ಎಂದು ಮುನ್ನುಡಿಯಲ್ಲಿ ತಾವೇ ಒಪ್ಪಿಕೊಂಡು ಅಚ್ಚು ಹಾಕಿಸಿದರು. ಇಂದು ಅವಳ ನಿಜವಾದ ಹೆಸರು ಆಸಕ್ತರಿಗೆಲ್ಲ ಗೊತ್ತು.

ನೀವು ಆ ತಂದೆಯಂತೆ ಎಂದು ನಾನು ಹೇಳುತ್ತಿಲ್ಲ. ಬಹುಪಾಲು ಜನ ಅಲ್ಲ. ಆದರೆ ಫೀಸಿನ ರಸೀದಿಯನ್ನು ನೋಡಿ, ಈ ತಂದೆ ಒಳ್ಳೆಯವರು, ಇವರಿಗೆ ಹೇಳಬಹುದು, ಆ ಗಂಡ ಅಷ್ಟು ಒಳ್ಳೆಯವನಲ್ಲ, ಅವನಿಗೆ ಬೇಡ ಎಂದು ವಿಂಗಡಿಸಲು ನನ್ನಿಂದ ಆಗದು. ಹಾಗೆ ವಿಂಗಡಿಸುವ ಥೆರಪಿಸ್ಟ್ ಇದ್ದರೆ ಅವರ ಬಳಿ ಹೋಗಬೇಡಿ. ಹಣ ಕೊಟ್ಟವರಿಗೆ ಲೆಕ್ಕ ಸಿಗಬೇಕು ನಿಜ: ಬಂದ ದಿನಾಂಕಗಳು, ಕೊಟ್ಟ ಮೊತ್ತ. ಅದೂ ಒಳಗೆ ಕುಳಿತವರ ಒಪ್ಪಿಗೆಯ ಮೇಲೆ. ಪ್ರಯೋಜನವಾಗುತ್ತಿದೆಯೇ ಎಂಬುದನ್ನು ನಿದ್ದೆ, ಊಟ, ಕೆಲಸ, ಸಿಟ್ಟು ಇವುಗಳಲ್ಲಿ ನೀವೇ ನೋಡುತ್ತಿರುತ್ತೀರಿ. ಒಮ್ಮೊಮ್ಮೆ ಆರಂಭದಲ್ಲಿ ಹೆಚ್ಚು ಅಳು, ಹೆಚ್ಚು ಮೌನ ಕಾಣಿಸಬಹುದು. ಮುಚ್ಚಿಟ್ಟದ್ದನ್ನು ತೆರೆದಾಗ ಹಾಗಾಗುವುದುಂಟು.

ಹದಿಹರೆಯದ ಮಕ್ಕಳ ತಂದೆತಾಯಿಯರ ವಿಷಯ ಸ್ವಲ್ಪ ಬೇರೆ. ಅಪ್ರಾಪ್ತರ ವಿಚಾರದಲ್ಲಿ ಕಾನೂನು ಸಾಮಾನ್ಯವಾಗಿ ಪೋಷಕರಿಗೂ ಹಕ್ಕು ಕೊಡುತ್ತದೆ. ಆದ್ದರಿಂದ ಮೊದಲ ದಿನವೇ ಮೂವರೂ ಕುಳಿತು ಒಪ್ಪಂದ ಮಾಡಿಕೊಳ್ಳುವುದು ವಾಡಿಕೆ: ಸುರಕ್ಷತೆಯ ಪ್ರಶ್ನೆ ಬಂದರೆ ನಿಮಗೆ ತಿಳಿಸುತ್ತೇನೆ, ಸುಧಾರಣೆ ಹೇಗಿದೆ ಎಂದು ಮಗುವಿನ ಎದುರಿಗೇ ಹೇಳುತ್ತೇನೆ, ಮಾತಿನ ವಿವರ ಮಾತ್ರ ಅದರದ್ದಾಗಿಯೇ ಉಳಿಯಲಿ. ಈ ಒಪ್ಪಂದಕ್ಕೆ ಒಪ್ಪದ ಪೋಷಕರು ಮಗುವಿನ ಫೋನನ್ನೂ ದಿನಚರಿಯನ್ನೂ ಕದ್ದು ಓದುವವರೇ ಆಗಿರುತ್ತಾರೆ ಎಂದು ನನಗೊಂದು ಅನುಮಾನವಿದೆ. ಪುರಾವೆ ಕೇಳಬೇಡಿ.

ನೀವು ಹೇಳುವುದನ್ನು ಕೇಳಿಸಿಕೊಳ್ಳಲು ನನಗೆ ತಡೆಯಿಲ್ಲ, ಹೇಳುವುದಕ್ಕಷ್ಟೇ ತಡೆ. ಪರಿಚಯವಿಲ್ಲದವರು ಫೋನ್ ಮಾಡಿದರೆ, ಆ ವ್ಯಕ್ತಿ ನನ್ನಲ್ಲಿಗೆ ಬರುತ್ತಾರೆಯೇ ಇಲ್ಲವೇ ಎಂಬುದನ್ನೂ ನಾನು ಹೇಳುವುದಿಲ್ಲ. ‘ಮಾತ್ರೆ ನಿಲ್ಲಿಸಿದ್ದಾನೆ, ಮೂರು ದಿನದಿಂದ ಮಲಗಿಲ್ಲ’ ಎಂದು ನೀವು ತಿಳಿಸಿದರೆ ಅದು ಉಪಯೋಗಕ್ಕೆ ಬರುವ ಮಾಹಿತಿ. ಆದರೆ ‘ನಾನು ಫೋನ್ ಮಾಡಿದ್ದನ್ನು ಅವನಿಗೆ ಹೇಳಬೇಡಿ’ ಎಂದು ಕೊನೆಗೆ ಸೇರಿಸಬೇಡಿ. ನಾನು ಹೇಳುತ್ತೇನೆ. ಬಂದವರ ಬೆನ್ನ ಹಿಂದೆ ಅವರ ಮನೆಯವರೊಡನೆ ಗುಟ್ಟಿನ ವ್ಯವಹಾರ ಇಟ್ಟುಕೊಂಡರೆ, ಮುಂದಿನ ಭೇಟಿಯಲ್ಲಿ ನಾನು ಅವರ ಮುಂದೆ ಕುಳಿತಿರುವುದೇ ಸುಳ್ಳಾಗುತ್ತದೆ.

ಇಷ್ಟಾದ ಮೇಲೂ ಕೆಲವರಿಗೆ ಒಂದು ಮಾತು ಚುಚ್ಚುತ್ತಲೇ ಇರುತ್ತದೆ: ಮನೆಯವರಿಗೆ ಹೇಳದ್ದನ್ನು ಯಾರೋ ಹೊರಗಿನವರಿಗೆ ಹೇಳಬೇಕೇ? ನಿಮ್ಮ ಈ ಆಕ್ಷೇಪವನ್ನೇ ಅಮೆರಿಕದ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿಯೊಬ್ಬರು ಎತ್ತಿದ್ದರು. ಮೇರಿ ಲೂ ರೆಡ್ಮಂಡ್ ಎಂಬ ಪೊಲೀಸ್ ಅಧಿಕಾರಿ 1991ರಲ್ಲಿ ಕರ್ತವ್ಯದ ಮೇಲಿದ್ದಾಗ ಒಬ್ಬನನ್ನು ಗುಂಡಿಟ್ಟು ಕೊಂದಿದ್ದರು. ಆ ಬಳಿಕ ಅವರು ಚಿಕಿತ್ಸೆ ನೀಡಲು ಪರವಾನಗಿ ಪಡೆದ ಸಮಾಜ ಕಾರ್ಯಕರ್ತೆಯೊಬ್ಬರಿಂದ (ಕ್ಲಿನಿಕಲ್ ಸೋಶಿಯಲ್ ವರ್ಕರ್) ಆಪ್ತಸಮಾಲೋಚನೆ ಪಡೆದರು. ಸತ್ತವನ ಕುಟುಂಬ ಪರಿಹಾರದ ಮೊಕದ್ದಮೆ ಹೂಡಿ ಆ ಭೇಟಿಗಳ ಟಿಪ್ಪಣಿ ಕೇಳಿತು. ಇಬ್ಬರೂ ಕೊಡಲಿಲ್ಲ. ವಿವಾದ ಮೇಲಕ್ಕೆ ಹೋಗಿ 1996ರಲ್ಲಿ ಸುಪ್ರೀಂ ಕೋರ್ಟ್ ಏಳು–ಎರಡರ ಬಹುಮತದಿಂದ ಟಿಪ್ಪಣಿ ಕೊಡಬೇಕಿಲ್ಲ ಎಂದಿತು. ಬಯಲಾಗುವ ಸಾಧ್ಯತೆಯೊಂದೇ ಸಾಕು, ನಂಬಿಕೆಯ ಮೇಲೆ ನಿಂತ ಈ ಸಂಬಂಧ ಬೆಳೆಯದಂತಾಗಲು ಎಂಬುದು ಬಹುಮತದ ವಾದ. ಭಿನ್ನಮತ ಬರೆದ ನ್ಯಾಯಮೂರ್ತಿ ಸ್ಕೇಲಿಯಾ, ಜನ ತಲೆತಲಾಂತರದಿಂದ ತಂದೆತಾಯಿ, ಒಡಹುಟ್ಟಿದವರು, ಗೆಳೆಯರ ಬಳಿಯೇ ಕಷ್ಟ ಹೇಳಿಕೊಂಡು ಬಂದಿದ್ದಾರೆ, ತಾಯಿಯೊಡನೆ ಆಡಿದ ಮಾತಿಗೆ ಇಲ್ಲದ ರಕ್ಷಣೆ ಥೆರಪಿಸ್ಟರೊಡನೆ ಆಡಿದ ಮಾತಿಗೆ ಏಕೆ ಎಂಬ ಅರ್ಥದಲ್ಲಿ ಕೇಳಿದರು.

ಪ್ರಶ್ನೆ ಚೆನ್ನಾಗಿಯೇ ಇದೆ. ತಾಯಿಯೊಡನೆ ಹೇಳಿಕೊಳ್ಳಲಾಗುವಂಥದ್ದನ್ನು ತಾಯಿಗೇ ಹೇಳಲಿ. ಆದರೆ ಕೆಲವು ಕತೆಗಳಲ್ಲಿ ತಾಯಿಯೇ ಪಾತ್ರಧಾರಿ. ಕೇಳಿದ ಕೂಡಲೇ ಅವಳಿಗೆ ನೋವಾಗುತ್ತದೆ, ಸಿಟ್ಟು ಬರುತ್ತದೆ, ತನ್ನ ಪಾಲನ್ನು ಸಮರ್ಥಿಸಿಕೊಳ್ಳಬೇಕಾಗುತ್ತದೆ. ಹೇಳುತ್ತಿದ್ದವರು ತಮ್ಮ ದುಃಖವನ್ನು ಬದಿಗಿಟ್ಟು ಅವಳನ್ನು ಸಮಾಧಾನಪಡಿಸುವುದರಲ್ಲಿ ತೊಡಗುತ್ತಾರೆ. ನನಗೆ ಆ ಕತೆಯಲ್ಲಿ ಪಾತ್ರವಿಲ್ಲ. ನಿಮ್ಮ ಮಗಳು ಆಸ್ತಿಯಲ್ಲಿ ಪಾಲು ಕೇಳಿದರೂ ಬಿಟ್ಟರೂ ನನಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ನನ್ನ ಅರ್ಹತೆಯ ದೊಡ್ಡ ಭಾಗ ಇದೇ. ಇದೇ ಕಾರಣಕ್ಕೆ ನಾವು ಸ್ವಂತ ನೆಂಟರನ್ನು, ಗೆಳೆಯರನ್ನು, ಸಹೋದ್ಯೋಗಿಗಳನ್ನು ಚಿಕಿತ್ಸೆಗೆ ತೆಗೆದುಕೊಳ್ಳುವುದಿಲ್ಲ.

ಈಗ ಮೂರನೆಯ ಪ್ರಶ್ನೆ. ನಿಮ್ಮನ್ನು ಕೆಟ್ಟವರನ್ನಾಗಿ ಮಾಡಿದ್ದಾರೆಯೇ? ಒಬ್ಬೊಬ್ಬರ ವಿಷಯವಾಗಿ ಉತ್ತರಿಸಲಾರೆ. ಸಾಮಾನ್ಯವಾಗಿ ಹೇಳುವುದಾದರೆ, ಮಾಡಿರಬಹುದು. ಒಂದು ವಾರ ಕೆಟ್ಟವರು, ಮುಂದಿನ ವಾರ ಪಾಪದವರು, ಅದರ ಮುಂದಿನ ವಾರ ಮಾತಿನಲ್ಲೇ ಇಲ್ಲ. ಅಲ್ಲಿ ನಿಮ್ಮ ಮೇಲೆ ವಿಚಾರಣೆ ನಡೆಯುತ್ತಿಲ್ಲ, ನಾನು ತೀರ್ಪು ಬರೆಯುತ್ತಿಲ್ಲ. ಅವರ ನೆನಪಿನೊಳಗಿನ ನಿಮ್ಮ ಬಗ್ಗೆ ನಾವು ಮಾತಾಡುತ್ತೇವೆ. ಆ ವ್ಯಕ್ತಿಗೂ ನಿಮಗೂ ಎಷ್ಟು ಹೋಲಿಕೆಯಿದೆ ಎಂದು ಅಳೆಯುವ ದಾರಿ ನನಗಿಲ್ಲ, ಅಳೆಯುವುದು ನನ್ನ ಕೆಲಸವೂ ಅಲ್ಲ.

ಇದರಿಂದಲೇ ಇನ್ನೊಂದು ಮಾತು. ಜಗಳದ ನಡುವೆ ‘ನೀನು ನಾರ್ಸಿಸಿಸ್ಟ್ ಎಂದು ನನ್ನ ಥೆರಪಿಸ್ಟ್ ಹೇಳಿದ್ದಾರೆ’ ಎಂಬ ಮಾತು, ಅಂದರೆ ತನ್ನನ್ನೇ ಮೆಚ್ಚಿಕೊಂಡು ಇತರರನ್ನು ಲೆಕ್ಕಿಸದವರು ಎಂಬ ಹಣೆಪಟ್ಟಿ, ನಿಮಗೆ ಬಡಿದಿದ್ದರೆ, ಎರಡು ಸಾಧ್ಯತೆಗಳಿವೆ. ಥೆರಪಿಸ್ಟ್ ಹಾಗೆ ಹೇಳಿರದೆ ಇರಬಹುದು, ಒಳಗಿನ ಉದ್ದನೆಯ ಮಾತೊಂದು ಸಿಟ್ಟಿನಲ್ಲಿ ಕುಗ್ಗಿ ಆ ಪದವಾಗಿರಬಹುದು. ಅಥವಾ ಹೇಳಿರಬಹುದು, ಹಾಗಿದ್ದರೆ ತಪ್ಪು ಮಾಡಿದ್ದಾರೆ. ಕಣ್ಣಿಂದ ನೋಡದ, ಮಾತಾಡಿಸದ ವ್ಯಕ್ತಿಗೆ ರೋಗದ ಹೆಸರು ಹಚ್ಚುವಂತಿಲ್ಲ. ಅಮೆರಿಕದ 1964ರ ಚುನಾವಣೆಯಲ್ಲಿ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಬ್ಯಾರಿ ಗೋಲ್ಡ್‌ವಾಟರ್ ಅವರ ಮನಃಸ್ಥಿತಿಯ ಬಗ್ಗೆ ನೂರಾರು ಮನೋವೈದ್ಯರು ಒಂದು ಪತ್ರಿಕೆಗೆ ದೂರದಿಂದಲೇ ಅಭಿಪ್ರಾಯ ಕೊಟ್ಟಿದ್ದರು. ಆ ಗೊಂದಲದ ನಂತರ, 1973ರಲ್ಲಿ, ಅಮೆರಿಕದ ಮನೋವೈದ್ಯರ ಸಂಘ ತಾವು ಪರೀಕ್ಷಿಸದ ಸಾರ್ವಜನಿಕ ವ್ಯಕ್ತಿಗಳ ಬಗ್ಗೆ ಹಾಗೆ ಹೇಳುವುದನ್ನು ನೀತಿಸಂಹಿತೆಯಲ್ಲೇ ನಿಷೇಧಿಸಿತು. ಅಧ್ಯಕ್ಷ ಅಭ್ಯರ್ಥಿಗೆ ಇರುವ ಈ ಮರ್ಯಾದೆ ಗಂಡಂದಿರಿಗೂ ಹೆಂಡಂದಿರಿಗೂ ಇರಬೇಡವೇ? ಥೆರಪಿಗೆ ಹೋಗುವವರಲ್ಲಿಯೂ ವಿನಂತಿ: ಅಲ್ಲಿ ಕಲಿತ ಪದಗಳನ್ನು ಮನೆಯಲ್ಲಿ ಕಲ್ಲಿನಂತೆ ಬೀಸಬೇಡಿ.

ನನ್ನಿಂದ ಸಿಗದ್ದನ್ನು ನೀವು ಪಡೆಯುವ ದಾರಿ ಒಂದೇ, ಅವರನ್ನೇ ಕೇಳುವುದು. ಅವರು ಎಲ್ಲವನ್ನೂ ಹೇಳಬಹುದು. ಆ ಗುಟ್ಟು ಅವರದು, ನನ್ನದಲ್ಲ. ನಾನು ಕಾಯುವವಳು ಮಾತ್ರ. ಆದರೆ ಹೆಚ್ಚಿನ ಮನೆಗಳಲ್ಲಿ ಕೇಳುವ ರೀತಿಯೇ ಉತ್ತರದ ಬಾಗಿಲು ಮುಚ್ಚುತ್ತದೆ. ಹೊರಗೆ ಬಂದ ಕೂಡಲೇ, ದಾರಿಯಲ್ಲೇ, ‘ಏನಂದೆ? ನನ್ನ ಬಗ್ಗೆ ಅಂದೆಯಾ? ಅವರೇನು ಅಂದರು?’ ಎಂದು ಶುರುವಾಗುತ್ತದೆ. ಒಂದು ಗಂಟೆ ಅತ್ತು ಬಂದವರಿಗೆ ಆ ಹೊತ್ತಿನಲ್ಲಿ ಮಾತು ಹೊರಡುವುದಿಲ್ಲ. ಬಾರದ ಮಾತನ್ನು ನೀವು ಮುಚ್ಚುಮರೆ ಎಂದುಕೊಳ್ಳುತ್ತೀರಿ. ಆ ಸಂಜೆಯನ್ನು ಬಿಟ್ಟುಬಿಡಿ. ‘ಈಗ ಮಾತು ಬೇಕೋ, ಸುಮ್ಮನೆ ಇರೋಣವೋ’ ಎಂದು ಒಮ್ಮೆ ಕೇಳಿ, ಸಿಕ್ಕ ಉತ್ತರವನ್ನು ನಂಬಿ. ಮರುದಿನವೂ ‘ಏನು ಹೇಳಿದೆ’ ಎಂದು ಕೇಳಬೇಡಿ, ‘ನನ್ನಿಂದ ಏನಾದರೂ ಬೇಕಿತ್ತೇ’ ಎಂದು ಕೇಳಿ. ಮೊದಲನೆಯದಕ್ಕೆ ಅವರು ವರದಿ ಒಪ್ಪಿಸಬೇಕಾಗುತ್ತದೆ. ಎರಡನೆಯದಕ್ಕೆ ಬೇಕಿದ್ದನ್ನು ಕೇಳಿದರೆ ಸಾಕು.

ಜೋಡಿಗಳು ಜಗಳವಾಡುವ ಬಗೆಯನ್ನು 1980ರ ದಶಕದಿಂದ ಕೂತು ನೋಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜಾನ್ ಗಾಟ್ಮನ್ ಮತ್ತು ರಾಬರ್ಟ್ ಲೆವೆನ್‌ಸನ್. ದಂಪತಿಯನ್ನು ಪ್ರಯೋಗಾಲಯದಲ್ಲಿ ಕೂರಿಸಿ, ಅವರು ಒಪ್ಪದ ವಿಷಯವನ್ನೇ ಮಾತಾಡಿಸಿ, ಮುಖಭಾವವನ್ನೂ ಹೃದಯ ಬಡಿತವನ್ನೂ ದಾಖಲಿಸಿದರು. ಯಾರು ವಿಚ್ಛೇದನ ಪಡೆಯುತ್ತಾರೆಂದು ಮೊದಲೇ ಹೇಳಬಲ್ಲೆವೆಂಬ ಲೆಕ್ಕದ ಬಗ್ಗೆ ಇತರ ಸಂಶೋಧಕರಿಗೆ ತಕರಾರಿದೆ, ನನಗೂ ಆ ಭವಿಷ್ಯವಾಣಿಯಲ್ಲಿ ಆಸಕ್ತಿಯಿಲ್ಲ. ಆದರೆ ಅವರು ಗುರುತಿಸಿದ ನಾಲ್ಕು ಚಾಳಿಗಳು ಯಾರಿಗೂ ಅಪರಿಚಿತವಲ್ಲ. ನಡೆದ ಸಂಗತಿಯನ್ನು ಬಿಟ್ಟು ವ್ಯಕ್ತಿಯನ್ನೇ ದೂರುವುದು, ತಿರಸ್ಕಾರ, ಏನೇ ಹೇಳಿದರೂ ತನ್ನ ಸಮರ್ಥನೆ, ಗೋಡೆಯಂತೆ ಮೌನ. ಇವುಗಳಲ್ಲಿ ತಿರಸ್ಕಾರವನ್ನೇ ಅವರು ಅತಿ ಅಪಾಯಕಾರಿ ಎಂದದ್ದು, ನಾನೂ ಒಪ್ಪುತ್ತೇನೆ. ಸಿಟ್ಟಿನ ಮನೆ ಉಳಿಯಬಹುದು. ಕಣ್ಣು ತಿರುಗಿಸಿ ನಗುವ, ಆಡಿದ ಮಾತನ್ನು ಅಣಕಿಸಿ ತೋರಿಸುವ ಮನೆಯಲ್ಲಿ ಯಾರೂ ಒಳಗಿನದನ್ನು ಹೊರಗೆ ಹಾಕುವುದಿಲ್ಲ.

ಗೋಡೆಯಂತೆ ಕುಳಿತವರ ಬಗ್ಗೆ ಒಂದು ಮಾತು, ಏಕೆಂದರೆ ಅವರನ್ನು ಎಲ್ಲರೂ ತಪ್ಪು ತಿಳಿಯುತ್ತಾರೆ. ‘ಮಾತಾಡು ಎಂದರೆ ಕಲ್ಲಿನಂತೆ ಕೂರುತ್ತಾನೆ’ ಎಂಬ ದೂರು ಸಾಮಾನ್ಯ. ಆ ದಾಖಲೆಗಳಲ್ಲಿ ಕಂಡದ್ದೇನೆಂದರೆ, ಹೊರಗೆ ಕಲ್ಲಿನಂತಿದ್ದವರ ಎದೆ ಹಲವು ಬಾರಿ ಓಡುತ್ತಿತ್ತು. ಬಡಿತ ನಿಮಿಷಕ್ಕೆ ನೂರು ದಾಟಿದ ಮೇಲೆ ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಇಳಿಯುವುದಿಲ್ಲ ಎಂಬುದು ಗಾಟ್ಮನ್ ಅವರ ವಿವರಣೆ. ಆಗ ಇನ್ನಷ್ಟು ಒತ್ತಾಯಿಸಿ ಫಲವಿಲ್ಲ. ಕನಿಷ್ಠ 20 ನಿಮಿಷ ಬಿಡಬೇಕು. ಬಿಡುವವರು ಬಾಗಿಲು ಬಡಿದು ಎದ್ದುಹೋಗದೆ, ‘ಈಗ ಆಗುತ್ತಿಲ್ಲ, ಎಂಟು ಗಂಟೆಗೆ ಮತ್ತೆ ಕೂರೋಣ’ ಎಂದು ಹೇಳಬೇಕು. ಮುಖ್ಯವಾಗಿ, ಎಂಟು ಗಂಟೆಗೆ ಬಂದು ಕೂರಬೇಕು. ಬಹಳ ಜನ ಮೊದಲರ್ಧವನ್ನು ಕಲಿಯುತ್ತಾರೆ, ಎರಡನೆಯ ಅರ್ಧವನ್ನು ಮರೆಯುತ್ತಾರೆ.

ಗಾಟ್ಮನ್ ಅವರ ಇನ್ನೊಂದು ಲೆಕ್ಕ ನನಗೆ ಇಷ್ಟ: ದಂಪತಿಗಳ ನಡುವಿನ ಭಿನ್ನಾಭಿಪ್ರಾಯಗಳಲ್ಲಿ ಸುಮಾರು ಶೇ 69ರಷ್ಟು ಎಂದೂ ಪೂರ್ತಿ ಬಗೆಹರಿಯದಂಥವು. ಸ್ವಭಾವದಿಂದ ಹುಟ್ಟಿದವು, ಜೊತೆಯಲ್ಲೇ ವಯಸ್ಸಾಗುವಂಥವು. ಇದನ್ನು ಕೇಳಿ ಕೆಲವರು ಎದೆಗುಂದುತ್ತಾರೆ. ಗೆಲ್ಲಲೇಬೇಕೆಂಬ ಹಟ ಇದರಿಂದ ಸ್ವಲ್ಪ ಸಡಿಲವಾಗುತ್ತದೆ ಎಂದು ನನಗನಿಸುತ್ತದೆ.

ಮಾತಾಡಿ, ಮಾತಾಡಿ ಎಂಬ ಉಪದೇಶಕ್ಕೆ ಒಂದು ದೊಡ್ಡ ವಿನಾಯಿತಿ ಇದೆ. ಮಾತಾಡಿದರೆ ಏಟು ಬೀಳುವ, ಹಣ ನಿಲ್ಲುವ, ಮಕ್ಕಳನ್ನು ಕಿತ್ತುಕೊಳ್ಳುವ ಬೆದರಿಕೆ ಇರುವ ಮನೆಯಲ್ಲಿ ಮನಬಿಚ್ಚಿ ಮಾತಾಡು ಎನ್ನುವುದು ಅಪಾಯದ ಸಲಹೆ. ಅಲ್ಲಿ ಮೌನವೇ ರಕ್ಷಣೆಯಾಗಿರುತ್ತದೆ. ಹಾಗಿರುವಲ್ಲಿ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಸಮಾಲೋಚನೆ ಮಾಡಲು ಎಚ್ಚರವುಳ್ಳ ಥೆರಪಿಸ್ಟ್ ಒಪ್ಪುವುದಿಲ್ಲ. ಕೋಣೆಯಲ್ಲಿ ಆಡಿದ ಮಾತಿನ ಬೆಲೆಯನ್ನು ಒಬ್ಬರು ಮನೆಗೆ ಹೋಗಿ ತೆರಬೇಕಾಗುತ್ತದೆ. ಇದೇ ಕಾರಣಕ್ಕೆ, ಜೋಡಿಯಾಗಿ ಬಂದವರನ್ನು ಆರಂಭದಲ್ಲಿ ಒಮ್ಮೆಯಾದರೂ ಪ್ರತ್ಯೇಕವಾಗಿ ನೋಡುವ ಪದ್ಧತಿ ಅನೇಕರಲ್ಲಿದೆ.

ಆ ಪ್ರತ್ಯೇಕ ಭೇಟಿಯೇ ಇನ್ನೊಂದು ಕಗ್ಗಂಟು. ಒಂಟಿಯಾಗಿ ಕುಳಿತಾಗ ಒಬ್ಬರು, ‘ನನಗೆ ಬೇರೊಂದು ಸಂಬಂಧವಿದೆ, ಅವಳಿಗೆ ಹೇಳಬೇಡಿ’ ಎನ್ನುತ್ತಾರೆಂದುಕೊಳ್ಳಿ. ಈಗ ಥೆರಪಿಸ್ಟ್ ಏನು ಮಾಡಬೇಕು? ಕೆಲವರು, ಒಬ್ಬರು ಹೇಳಿದ ಯಾವುದನ್ನೂ ಇನ್ನೊಬ್ಬರಿಂದ ಮುಚ್ಚಿಡುವುದಿಲ್ಲ ಎಂಬ ನಿಯಮ ಇಟ್ಟುಕೊಳ್ಳುತ್ತಾರೆ. ಇನ್ನು ಕೆಲವರು ಗುಟ್ಟನ್ನು ಕಾಯುತ್ತಾರೆ, ಆದರೆ ಅದು ಬಯಲಾಗದೆ ಜೋಡಿಯ ಕೆಲಸ ಮುಂದೆ ಸಾಗದೆಂದು ಕಂಡರೆ, ನೀವೇ ಹೇಳಿ, ಇಲ್ಲವಾದರೆ ನಾನು ಕಾರಣ ಹೇಳದೆ ನಿಲ್ಲಿಸುತ್ತೇನೆ ಎನ್ನುತ್ತಾರೆ. ನಾನು ಮೊದಲನೆಯ ಗುಂಪಿನವಳು, ಎರಡನೆಯ ಗುಂಪಿನವರನ್ನೂ ಗೌರವಿಸುತ್ತೇನೆ. ಕ್ಷಮಿಸಲಾಗದ್ದು, ಯಾವ ನಿಯಮ ಎಂಬುದನ್ನು ಮೊದಲೇ ಹೇಳದಿರುವುದು. ಜೋಡಿಯಲ್ಲಿ ಕ್ಲೈಂಟ್ (ಚಿಕಿತ್ಸೆ ಪಡೆಯುವವರು) ಯಾರು, ಇಬ್ಬರೊಡನೆಯೂ ಥೆರಪಿಸ್ಟರ ಸಂಬಂಧವೇನು ಎಂಬುದನ್ನು ಆರಂಭದಲ್ಲೇ ಸ್ಪಷ್ಟಪಡಿಸಬೇಕೆಂದು ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ನೀತಿಸಂಹಿತೆಯೂ ಹೇಳುತ್ತದೆ. ನೀವು ಜೋಡಿಯಾಗಿ ಹೋಗುವವರಾದರೆ ಮೊದಲ ದಿನವೇ ಕೇಳಿ: ನಾನೊಬ್ಬನೇ ಕಳುಹಿಸಿದ ಸಂದೇಶವನ್ನು ಇವಳಿಗೆ ತೋರಿಸುತ್ತೀರಾ? ನಾಳೆ ನಾವು ಬೇರೆಯಾದರೆ ಈ ಟಿಪ್ಪಣಿಗಳು ಯಾರ ಕೈಗೆ ಹೋಗುತ್ತವೆ? ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಉತ್ತರ ಬಂದರೆ ಬರವಣಿಗೆಯಲ್ಲಿ ಕೇಳಿ.

ನೀವು ನನ್ನನ್ನು ಕೇಳಬಹುದು: ಹಾಗಾದರೆ ಗಂಡನೊಬ್ಬನೇ ಚಿಕಿತ್ಸೆಗೆ ಬರುವಲ್ಲಿ ಹೆಂಡತಿಗೆ ಸತ್ಯ ತಿಳಿಯುವ ಹಕ್ಕಿಲ್ಲವೇ? ಖಂಡಿತ ಇದೆ. ಜೊತೆಗೆ ಬಾಳುವವರ ನಿರ್ಧಾರವನ್ನು ಬದಲಿಸಬಲ್ಲ ಸಂಗತಿಯನ್ನು, ಸಾಲವಾಗಲಿ ಕಾಯಿಲೆಯಾಗಲಿ ಇನ್ನೊಂದು ಸಂಬಂಧವಾಗಲಿ, ಮುಚ್ಚಿಡುವುದು ಅನ್ಯಾಯ. ಆದರೆ ಆ ಋಣ ಗಂಡನದು. ಅವನು ತೀರಿಸದ್ದನ್ನು ನಾನು ತೀರಿಸಲು ಹೊರಟರೆ ಅವನು ಎಂದೂ ತೀರಿಸುವುದಿಲ್ಲ. ಇನ್ನು ಹಳೆಯ ಅವಮಾನ, ಬಾಲ್ಯದ ಭಯ, ಹೆಸರಿಲ್ಲದ ದುಃಖ ಇಂಥವನ್ನು ಹೇಳುವ ಋಣ ಯಾರ ಮೇಲೂ ಇಲ್ಲ, ಮದುವೆಯಾಗಿ ಮೂವತ್ತು ವರ್ಷವಾದರೂ.

ಈ ಪತ್ರವನ್ನು ನನ್ನ ವೃತ್ತಿಬಾಂಧವರೂ ಓದುತ್ತಾರೆಂದು ಗೊತ್ತು. ನಿಮಗೂ ನಾಲ್ಕು ಮಾತು. ‘ನನ್ನ ಬಳಿ ಬಂದ ಒಬ್ಬ ಮಹಿಳೆ’ ಎಂದು ಶುರುವಾಗುವ ನಿಮ್ಮ ಅಂಕಣ, ವಿಡಿಯೊ, ಪೋಸ್ಟ್‌ಗಳನ್ನು ನೋಡುತ್ತಿದ್ದೇನೆ. ಹೆಸರು ಬದಲಿಸಿದ್ದೀರಿ. ಊರಿನವರು ಗುರುತಿಸಲಾರರು, ಸರಿ. ಆ ಮಹಿಳೆ ತನ್ನನ್ನು ತಾನು ಗುರುತಿಸುತ್ತಾಳಲ್ಲ? ಗಂಡ ಗುರುತಿಸುತ್ತಾನಲ್ಲ? ಅದಕ್ಕಿಂತ ಹೆಚ್ಚಾಗಿ, ನಿಮ್ಮ ಬಳಿ ಬರಬೇಕೆಂದಿದ್ದ ಇನ್ನೊಬ್ಬರು ಅದನ್ನು ಓದಿ, ನಾಳೆ ನಾನೂ ಹೀಗೆ ಅಂಕಣವಾಗುತ್ತೇನೆ ಎಂದು ಫೋನ್ ಕೆಳಗಿಡುತ್ತಾರೆ. ಒಪ್ಪಿಗೆ ಪಡೆದಿದ್ದೇನೆ ಎನ್ನಬೇಡಿ. ವಾರಕ್ಕೊಮ್ಮೆ ನಿಮ್ಮ ಮುಂದೆ ಅಳುವವರು ನಿಮಗೆ ಇಲ್ಲ ಎನ್ನುವುದು ಸುಲಭವಲ್ಲ. ಕವಯಿತ್ರಿ ಆನ್ ಸೆಕ್ಸ್‌ಟನ್ 1974ರಲ್ಲಿ ತೀರಿಕೊಂಡ ಮೇಲೆ ಅವರ ಮನೋವೈದ್ಯರು ಚಿಕಿತ್ಸೆಯ ಧ್ವನಿಮುದ್ರಿಕೆಗಳನ್ನು ಜೀವನಚರಿತ್ರೆ ಬರೆಯುವವರಿಗೆ ಕೊಟ್ಟರು, 1991ರಲ್ಲಿ ಅದು ದೊಡ್ಡ ವಿವಾದವಾಯಿತು. ಮಗಳು ಒಪ್ಪಿದ್ದರು ಎಂಬುದು ಸಮರ್ಥನೆ. ಮಗಳ ಒಪ್ಪಿಗೆ ತಾಯಿಯ ಒಪ್ಪಿಗೆಯಾಗುವುದಿಲ್ಲ. ಕಷ್ಟದ ಪ್ರಕರಣವನ್ನು ಅನುಭವಿ ಮೇಲ್ವಿಚಾರಕರೊಡನೆ ಚರ್ಚಿಸುವುದು ಬೇರೆ. ಅದು ಬೇಕು, ಅದನ್ನು ಬಂದವರಿಗೆ ಮೊದಲೇ ತಿಳಿಸಿಯೂ ಇರುತ್ತೇವೆ.

ಟಿಪ್ಪಣಿಗಳನ್ನು ಎಲ್ಲಿಡುತ್ತೀರಿ ಎಂಬುದೂ ನೀತಿಯ ಪ್ರಶ್ನೆಯೇ. ಫಿನ್‌ಲೆಂಡ್‌ನ ವಸ್ತಾಮೊ ಎಂಬ ಚಿಕಿತ್ಸಾ ಸಂಸ್ಥೆಯ ಕಂಪ್ಯೂಟರ್‌ನಿಂದ 30,000ಕ್ಕೂ ಹೆಚ್ಚು ಜನರ ದಾಖಲೆ ಕಳವಾಯಿತು. 2020ರ ಅಕ್ಟೋಬರ್‌ನಲ್ಲಿ ಒಬ್ಬೊಬ್ಬರಿಗೂ ಇಮೇಲ್ ಬಂತು: 24 ಗಂಟೆಯೊಳಗೆ 200 ಯೂರೊ ಕೊಡಿ, ಇಲ್ಲವಾದರೆ ನೀವು ಥೆರಪಿಸ್ಟರಿಗೆ ಹೇಳಿದ್ದನ್ನು ಲೋಕಕ್ಕೆಲ್ಲ ಹೇಳುತ್ತೇವೆ. ಅಲ್ಲಿ ಯಾವ ಥೆರಪಿಸ್ಟರೂ ಬಾಯಿಬಿಟ್ಟಿರಲಿಲ್ಲ. ಬರೆದದ್ದನ್ನು ಕಾಯಬೇಕಾದವರು ಕಾಯಲಿಲ್ಲ. ಅಗತ್ಯಕ್ಕಿಂತ ಹೆಚ್ಚು ಬರೆಯದಿರುವುದೂ ಒಂದು ಕಾವಲು.

ಇಷ್ಟು ಹೇಳಿದ ಮೇಲೆ, ಹೊರಗೆ ಕಾಯುವ ನಿಮಗೆ ಅನುಮಾನಪಡಲು ನಿಜವಾದ ಕಾರಣ ಯಾವಾಗ ಇರುತ್ತದೆ ಎಂಬುದನ್ನು ಹೇಳಿ ಮುಗಿಸಬೇಕು. ಗೌಪ್ಯತೆಯ ಕಟ್ಟು ಥೆರಪಿಸ್ಟರ ಮೇಲಿದೆ, ಬಂದವರ ಮೇಲಿಲ್ಲ. ಅವರು ಒಳಗಿನ ಪ್ರತಿ ಮಾತನ್ನೂ ನಿಮಗೆ, ಗೆಳೆಯರಿಗೆ, ಇನ್ನೊಬ್ಬ ಥೆರಪಿಸ್ಟರಿಗೆ ಹೇಳಬಹುದು. ‘ಇಲ್ಲಿ ನಡೆದದ್ದು ಯಾರಿಗೂ ತಿಳಿಯಬಾರದು’ ಎಂದು ಥೆರಪಿಸ್ಟರೇ ತಾಕೀತು ಮಾಡಿದರೆ, ವೇಳೆ ಮೀರಿ ಸಂದೇಶ ಕಳುಹಿಸುತ್ತಿದ್ದರೆ, ಹೊರಗೆ ಭೇಟಿಯಾಗೋಣ ಎಂದರೆ, ‘ನಿನ್ನನ್ನು ನಾನಲ್ಲದೆ ಯಾರೂ ಅರ್ಥಮಾಡಿಕೊಳ್ಳರು’ ಎಂದರೆ, ಅದು ಗೌಪ್ಯತೆಯಲ್ಲ. ಕ್ಲೈಂಟ್ ಜೊತೆಗಿನ ಲೈಂಗಿಕ ಸಂಬಂಧವನ್ನು ಈ ವೃತ್ತಿಯ ನೀತಿಸಂಹಿತೆಗಳು ಯಾವ ವಿನಾಯಿತಿಯೂ ಇಲ್ಲದೆ ನಿಷೇಧಿಸುತ್ತವೆ, ಒಪ್ಪಿಗೆ ಇತ್ತು ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಅಂಥದ್ದೇನಾದರೂ ನಿಮ್ಮವರು ಹೇಳಿಕೊಂಡರೆ ಅವರ ಮೇಲೆ ರೇಗಬೇಡಿ, ‘ನೀನೇಕೆ ಹೋಗಿದ್ದೆ’ ಎನ್ನಬೇಡಿ. ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಲು ಹೇಳಿ. ಪರವಾನಗಿ ಕೊಟ್ಟ ಮಂಡಳಿಗೆ ಬರೆದು ದೂರು ಕೊಡುವುದಿದ್ದರೆ ಪಕ್ಕದಲ್ಲಿ ಕುಳಿತುಕೊಳ್ಳಿ. ದೂರಿನ ಮಾತುಗಳು ಅವರವೇ ಆಗಿರಲಿ, ದೂರು ಕೊಡಬೇಕೋ ಬೇಡವೋ ಎಂಬ ತೀರ್ಮಾನವೂ ಅವರದೇ.

ಇತಿ,
ಒಬ್ಬ ಆಪ್ತಸಮಾಲೋಚಕಿ